ಕುಣಿ ಮಗ್ಗಕ್ಕೆ ಮರಳಿದ ಮೊಣಕಾಲು: ಗುಳೇದಗುಡ್ಡದ ಒಂದು ಪ್ರಕರಣ

ಗುಳೇದಗುಡ್ಡದಲ್ಲಿ ಖಣ (ಕುಪ್ಪಸದ ಬಟ್ಟೆ) ನೇಯುವ 61 ವರ್ಷದ ಒಬ್ಬ ಹೆಣ್ಣುಮಗಳ ಬಲ ಮೊಣಕಾಲಿನ ಕೀಲು ಬದಲಿಸಿದ ನಂತರ ಒಂದು ವರ್ಷದಲ್ಲಿ ಏನೇನಾಯಿತು ಎಂಬುದರ ದಾಖಲೆ ಇದು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಎಕ್ಸ್-ರೇಯಲ್ಲಿ ಕಾಣುತ್ತಿದ್ದ ಲೋಹದ ಕೀಲಿನಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಆದರೂ ಮೂರು ಸಲ ಚೇತರಿಕೆ ಹಿಂದಕ್ಕೆ ಜಾರಿತು, ಮೂರು ಸಲವೂ ಬೇರೆ ಬೇರೆ ಕಾರಣಕ್ಕೆ. ನಾನು ಬಾಗಲಕೋಟೆಯ ನವನಗರದಲ್ಲಿ ಫಿಜಿಯೋಥೆರಪಿ ಮಾಡುವವಳು. ಈ ಪ್ರಕರಣದಲ್ಲಿ ಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಹೊಣೆ ನನ್ನದಾಗಿತ್ತು.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದದಲ್ಲಿ ಯಾವ ವಾರ ಯಾವ ವ್ಯಾಯಾಮ ಎಂದು ಇರುತ್ತದೆ. ಮೂರನೆಯ ವಾರ ಮಾಡಬೇಕಾದದ್ದು ಆರನೆಯ ವಾರವೂ ಆಗದಿದ್ದರೆ ಏನು ಮಾಡಬೇಕೆಂದು ಇರುವುದಿಲ್ಲ. ಆಗ ಧೈರ್ಯ ಹೇಳಲು ಓಣಿಗೆ ಓಣಿಯೇ ಬರುತ್ತದೆ, ಕಾರಣ ಹುಡುಕಲು ಬರುವವರು ಕಡಿಮೆ. ಇದನ್ನು ಬರೆಯುತ್ತಿರುವುದು ಅದಕ್ಕಾಗಿಯೇ. ಗುರುತು ಸಿಗಬಾರದೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಓಣಿಯವರೆಲ್ಲ ಅಕ್ಕ ಎನ್ನುತ್ತಾರೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಹಿನ್ನೆಲೆ

ಅಕ್ಕ ಮದುವೆಯಾಗಿ ಬಂದಾಗಿನಿಂದ ಕುಣಿ ಮಗ್ಗದಲ್ಲಿ ಕುಳಿತವರು. ಪತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಒಂದೇ ಕೈಮಗ್ಗ ಅವರದು. ಮಗ ವಿದ್ಯುತ್ ಮಗ್ಗದ ಕೆಲಸಕ್ಕೆ ಹೋಗುತ್ತಾನೆ, ಸೊಸೆ ಮನೆ ನೋಡಿಕೊಂಡು ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಸುತ್ತುತ್ತಾಳೆ. ಅಕ್ಕನಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಎರಡೂ ಮೊಣಕಾಲುಗಳು ಸವೆದು ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು, ಬಲಗಾಲು ಹೆಚ್ಚು. ಸವೆತಕ್ಕೆ ಮಗ್ಗವೇ ಕಾರಣ ಎಂದು ಮನೆಯವರು ನಂಬಿದ್ದರು. ನಾನು ಅಷ್ಟು ಖಚಿತವಾಗಿ ಹೇಳಲಾರೆ. ವಯಸ್ಸಿದೆ, ತೂಕವಿದೆ, ದಿನಕ್ಕೆ ಹಲವು ಸಲ ನೆಲದಿಂದ ಎದ್ದು ಕೂರುವ ಬದುಕಿದೆ. ಮಗ್ಗವೊಂದನ್ನೇ ದೂಷಿಸುವುದು ನ್ಯಾಯವಲ್ಲ.

ಮಗ್ಗದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಅದರ ಸುತ್ತಲೇ ಆದವು. ಕುಣಿ ಮಗ್ಗದಲ್ಲಿ ನೇಯುವವರು ನೆಲದ ಅಂಚಿನಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಕೆಳಗಿರುವ ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿದಾಗ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರೆಯಾಗಿ ಬಾಯಿಬಿಡುತ್ತವೆ, ಆ ಬಾಯಿಯಲ್ಲಿ ಲಾಳಿ ಹಾಯುತ್ತದೆ. ಅಂದರೆ ನೇಯುವಾಗ ಮೊಣಕಾಲು ಕುರ್ಚಿಯಲ್ಲಿ ಕುಳಿತಷ್ಟೇ ಮಡಚಿರುತ್ತದೆ. ಕಷ್ಟವಿರುವುದು ನೆಲದ ಮಟ್ಟಕ್ಕೆ ಇಳಿಯುವಾಗ ಮತ್ತು ಅಲ್ಲಿಂದ ಏಳುವಾಗ. ಆಸ್ಪತ್ರೆಯಲ್ಲಿ ‘ಇನ್ನು ನೆಲದ ಮೇಲೆ ಕೂರುವಂತಿಲ್ಲ’ ಎಂದಾಗ ಅಕ್ಕ ಅದನ್ನು ‘ಇನ್ನು ನೇಯುವಂತಿಲ್ಲ’ ಎಂದು ಕೇಳಿಸಿಕೊಂಡಿದ್ದರು. ಯಾರೂ ಹಾಗೆ ಹೇಳಿರಲಿಲ್ಲ, ಹಾಗಲ್ಲ ಎಂದೂ ಹೇಳಿರಲಿಲ್ಲ.

ಖರ್ಚಿನ ಮಾತು ಒಂದು ಸಾಲು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ಗೊತ್ತುಮಾಡಿತ್ತು. ಆ ಮಿತಿ ಇಲ್ಲದಿದ್ದರೆ ಈ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂದು ಮಗ ಹೇಳಿದ್ದಾನೆ.

ಅಳತೆಗಳು ಹೀಗಿದ್ದವು. ನೇರ ಚಾಚಿದ ಕಾಲನ್ನು ಸೊನ್ನೆ ಎಂದು ಹಿಡಿಯುತ್ತೇವೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 65 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಇಳಿಯಲು 90ರಿಂದ 100, ತಗ್ಗು ಕುರ್ಚಿಯಿಂದ ಸಲೀಸಾಗಿ ಏಳಲು 105ರ ಆಸುಪಾಸು, ಕುಕ್ಕರಗಾಲಿನಲ್ಲಿ ಕೂರಲು 130ಕ್ಕೂ ಮೇಲೆ ಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಅಕ್ಕನ ಬಲಗಾಲು 100ರವರೆಗೆ ಮಡಚುತ್ತಿತ್ತು, ಪೂರ್ತಿ ನೇರವಾಗಲು 15 ಡಿಗ್ರಿ ಕಡಿಮೆ ಬೀಳುತ್ತಿತ್ತು. ಈ ಎರಡು ಅಂಕಿಗಳನ್ನು ಮನೆಯವರು ಆಗ ಗಮನಿಸಿರಲಿಲ್ಲ. ಮೊದಲು ಎಷ್ಟು ಮಡಚುತ್ತಿತ್ತೋ ಅದರ ಮೇಲೆಯೇ ನಂತರ ಎಷ್ಟು ಮಡಚುತ್ತದೆ ಎಂಬುದು ಬಹುಮಟ್ಟಿಗೆ ನಿಂತಿರುತ್ತದೆ.

ಮೊದಲ ಜಾರುವಿಕೆ: ಗುಳಿಗೆ ಮತ್ತು ದಿಂಬು

ಅಕ್ಟೋಬರ್ ಮೊದಲ ವಾರ ಶಸ್ತ್ರಚಿಕಿತ್ಸೆಯಾಯಿತು. ಮರುದಿನವೇ ವಾಕರ್ ಹಿಡಿದು ನಿಂತರು. ಐದನೆಯ ದಿನ 75 ಡಿಗ್ರಿ ಮಡಚಿಸಿಕೊಂಡು ಮನೆಗೆ ಬಂದರು. ಎರಡನೆಯ ವಾರದ ಕೊನೆಗೆ ಹೊಲಿಗೆ ತೆಗೆಯುವ ಹೊತ್ತಿಗೆ ಅದು 60ಕ್ಕೆ ಇಳಿದಿತ್ತು. ಮೊಣಕಾಲು ಗುಂಡಗೆ ಬಾತು ಚಿಪ್ಪಿನ ಅಂಚೇ ಕಾಣುತ್ತಿರಲಿಲ್ಲ. ರಾತ್ರಿ ನಿದ್ದೆಯಿಲ್ಲ. ‘ತಂಗೀ, ಇದು ನನ್ನ ಕಾಲೇ ಅಲ್ಲ, ಯಾರದೋ ಕಾಲು ತಂದು ಜೋಡಿಸಿದ್ದಾರೆ’ ಎಂದರು.

ಮಗನಿಗೆ ಇದು ಆಪರೇಷನ್ ಕೆಟ್ಟ ಲಕ್ಷಣವಾಗಿ ಕಂಡಿತ್ತು. ಮನೆಯಲ್ಲಿ ಕುಳಿತು ದಿನಚರಿ ಕೇಳುತ್ತ ಹೋದಂತೆ ಬೇರೆಯೇ ಚಿತ್ರ ಸಿಕ್ಕಿತು. ನೋವಿನ ಗುಳಿಗೆ ನಿಂತಿತ್ತು. ನೋಡಲು ಬಂದ ಬಂಧುವೊಬ್ಬರು ‘ಸಕ್ಕರೆ ಇದ್ದವರು ನೋವಿನ ಗುಳಿಗೆ ತಿಂದರೆ ಕಿಡ್ನಿ ಹೋಗುತ್ತದೆ’ ಎಂದು ಎಚ್ಚರಿಸಿದ್ದರಂತೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ, ತೊಂದರೆ ಆಗುವುದೂ ಅದರಿಂದಲೇ. ಕೆಲವು ಜಾತಿಯ ನೋವು ನಿವಾರಕಗಳು ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ನಿಜವಾಗಿಯೂ ಭಾರ. ಆದರೆ ಅಕ್ಕನಿಗೆ ಬರೆದದ್ದು ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಮತ್ತು ಕೆಲವೇ ದಿನಗಳಿಗೆ ಇನ್ನೊಂದು ಗುಳಿಗೆ. ಅದನ್ನು ಬರೆಯುವ ಮೊದಲು ವೈದ್ಯರು ಮೂತ್ರಪಿಂಡದ ಪರೀಕ್ಷೆ ನೋಡಿದ್ದರು. ಮನೆಯವರು ಎರಡನ್ನೂ ನಿಲ್ಲಿಸಿದ್ದರು. ನೋವಿಗೆ ಹೆದರಿ ಮಡಚುವುದು ನಿಂತಿತು, ಮಡಚದೆ ಬಿಗಿತ ಬಂತು, ಬಿಗಿದದ್ದನ್ನು ಮಡಚಲು ಹೋದರೆ ಇನ್ನಷ್ಟು ನೋವು.

ಎರಡನೆಯದು ದಿಂಬು. ಮೊಣಕಾಲಿನ ಕೆಳಗೆ ದಪ್ಪನೆಯ ದಿಂಬು ಇಟ್ಟು ಮಲಗಿಸಿದ್ದರು. ಹಾಗೆ ಮಲಗಿದಾಗ ಹಿತವಾಗಿರುವುದು ಸುಳ್ಳಲ್ಲ. ಆದರೆ ಅರ್ಧ ಮಡಚಿದ ಸ್ಥಿತಿಯಲ್ಲೇ ರಾತ್ರಿಯಿಡೀ ಇದ್ದ ಕೀಲು ಆ ಸ್ಥಿತಿಗೇ ಒಗ್ಗಿಹೋಗುತ್ತದೆ. ಕಾಲು ನೇರವಾಗದಿದ್ದರೆ ಮಡಚದಿದ್ದುದಕ್ಕಿಂತ ಹೆಚ್ಚು ಕುಂಟುತ್ತೇವೆ. ಸದಾ ತುಸು ಬಾಗಿದ ಕಾಲಿನ ಮೇಲೆ ನಿಲ್ಲುವಾಗ ತೊಡೆಯ ಮುಂಭಾಗದ ಸ್ನಾಯು ಕ್ಷಣವೂ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ದಿಂಬನ್ನು ಅಲ್ಲಿಂದ ತೆಗೆಸಿ ಹಿಮ್ಮಡಿಯ ಕೆಳಗೆ ಮಡಚಿದ ಟವೆಲ್ ಇಡಿಸಿದೆ, ಮೊಣಕಾಲು ತನ್ನ ಭಾರಕ್ಕೆ ತಾನೇ ಕೆಳಗಿಳಿಯಲಿ ಎಂದು. ಅಕ್ಕನಿಗೆ ಇದು ಒಂಚೂರೂ ಇಷ್ಟವಾಗಲಿಲ್ಲ. ಮೊದಲು ಐದು ನಿಮಿಷ, ಆಮೇಲೆ ಹತ್ತು ಎಂದು ಹೆಚ್ಚಿಸುತ್ತ ಹೋದೆವು.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಸಂಗತಿಯಿದೆ. ಕೀಲಿನೊಳಗೆ ಬಾವು ತುಂಬಿದಾಗ ನರಮಂಡಲವೇ ತೊಡೆಯ ಮುಂಭಾಗದ ಸ್ನಾಯುವಿಗೆ ಕಡಿವಾಣ ಹಾಕುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ಆ ಸ್ನಾಯು ತನ್ನ ಬಲದ ಅರ್ಧದಷ್ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಕಳೆದುಕೊಳ್ಳುತ್ತದೆ. ‘ಕಾಲು ಎತ್ತು ಎಂದು ಮನಸ್ಸು ಹೇಳುತ್ತದೆ, ಕಾಲು ಕೇಳುವುದಿಲ್ಲ’ ಎಂದು ಅಕ್ಕ ಹೇಳಿದ್ದು ಸೋಮಾರಿತನದ ಮಾತಲ್ಲ, ಒಳಗೆ ನಡೆಯುತ್ತಿದ್ದುದರ ವರದಿ. ಹಾಗಾಗಿ ಬಾವು ಇಳಿಸುವುದೇ ವ್ಯಾಯಾಮದ ಮೊದಲ ಪಾಠ: ಬಟ್ಟೆಯಲ್ಲಿ ಸುತ್ತಿದ ಬರ್ಫ ಹದಿನೈದು ಇಪ್ಪತ್ತು ನಿಮಿಷ, ಕಾಲು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ, ಪಾದ ಮೇಲೆ ಕೆಳಗೆ ಆಡಿಸುವುದು. ಸಕ್ಕರೆ ಕಾಯಿಲೆಯವರ ಚರ್ಮಕ್ಕೆ ತಣ್ಣಗಿನ ಅರಿವು ಕಡಿಮೆ ಇರಬಹುದು, ಆದ್ದರಿಂದ ಬರ್ಫ ನೇರ ಮೈಗೆ ತಾಗಿಸಬಾರದು.

ವೈದ್ಯರಿಗೆ ಫೋನ್ ಮಾಡಿ ಗುಳಿಗೆಯ ಸಂಶಯ ಬಗೆಹರಿಸಿದ ಮೇಲೆ ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಅದನ್ನು ಕೊಡುವುದೆಂದಾಯಿತು. ನಾಲ್ಕನೆಯ ವಾರದ ಕೊನೆಗೆ 75 ಮರಳಿತು.

ಬಾವು ಅಳೆಯುವ ಉಪಾಯವನ್ನು ಅಕ್ಕನೇ ಮಾಡಿಕೊಂಡರು. ನನ್ನ ಟೇಪಿನ ಅಂಕಿಗಳು ಅವರಿಗೆ ಬೇಡವಾಗಿದ್ದವು. ಹತ್ತಿಯ ದಾರವೊಂದನ್ನು ಚಿಪ್ಪಿನ ನಡುಮಧ್ಯಕ್ಕೆ ಸುತ್ತಿ, ಎರಡು ತುದಿ ಸೇರುವಲ್ಲಿ ಗಂಟು ಹಾಕಿಟ್ಟರು. ಪ್ರತಿ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲು ಅದೇ ದಾರ. ತುದಿ ಗಂಟಿಗೆ ಮುಟ್ಟದಿದ್ದರೆ ಬಾವು ಹೆಚ್ಚಿದೆ, ದಾಟಿ ಹೋದರೆ ಇಳಿದಿದೆ. ನನ್ನ ಕೋನ ಅಳೆಯುವ ಪಟ್ಟಿಗಿಂತ ಆ ದಾರವೇ ಮುಂದೆ ಹೆಚ್ಚು ಕೆಲಸಕ್ಕೆ ಬಂತು.

ಪಕ್ಕದ ಓಣಿಯ ಹೋಲಿಕೆ

ದೀಪಾವಳಿಗೆ ಬಂದ ನೆಂಟರು ಒಂದು ಸುದ್ದಿ ತಂದರು. ಪಕ್ಕದ ಓಣಿಯ ಮತ್ತೊಬ್ಬರು ಅದೇ ಆಪರೇಷನ್ ಮಾಡಿಸಿಕೊಂಡು ಮೂರೇ ವಾರಕ್ಕೆ ಮಾಳಿಗೆ ಹತ್ತಿದರಂತೆ. ಹೇಳಿದವರ ಉದ್ದೇಶ ಹುರಿದುಂಬಿಸುವುದು. ಅಂದು ರಾತ್ರಿ ಅಕ್ಕ ಊಟ ಬಿಟ್ಟರು.

ಆ ಇನ್ನೊಬ್ಬರನ್ನು ನಾನು ಬಲ್ಲೆ. ಅವರು ಅಕ್ಕನಿಗಿಂತ ಚಿಕ್ಕವರು, ಸಕ್ಕರೆ ಕಾಯಿಲೆ ಇಲ್ಲ, ಶಸ್ತ್ರಚಿಕಿತ್ಸೆಗೆ ಮೊದಲೇ ಅವರ ಕಾಲು ಅಕ್ಕನದಕ್ಕಿಂತ ಬಹಳ ಹೆಚ್ಚು ಮಡಚುತ್ತಿತ್ತು. ಹೊರಟ ಊರೇ ಬೇರೆಯಾದಾಗ ಯಾರು ಮೊದಲು ಮುಟ್ಟಿದರು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಇದನ್ನು ಅಕ್ಕನಿಗೆ ವಿವರಿಸಿದೆ. ಅವರು ಒಪ್ಪಿದಂತೆ ತಲೆಯಾಡಿಸಿದರು, ಒಪ್ಪಿರಲಿಲ್ಲ. ವಿವರಣೆಯಿಂದ ಹೋಲಿಕೆಯ ನೋವು ಹೋಗುವುದಿಲ್ಲ ಎಂಬುದು ನನ್ನ ಅನುಭವ. ಹೋಲಿಸಲು ಬೇರೊಂದು ವಸ್ತು ಕೊಟ್ಟರೆ ಸ್ವಲ್ಪ ಹೋಗುತ್ತದೆ. ಸೊಸೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಡಿಗ್ರಿಗಳ ಬದಲು ಕೆಲಸಗಳನ್ನು ಬರೆಯುತ್ತ ಹೋದೆವು. ಕಮೋಡ್ ಕುರ್ಚಿಯಿಂದ ಕೈ ಆಸರೆಯಿಲ್ಲದೆ ಎದ್ದದ್ದು, ಹೊಸ್ತಿಲು ದಾಟಿದ್ದು, ಅಡುಗೆಮನೆಯ ಕಟ್ಟೆಯ ಬಳಿ ಒಂದು ರೊಟ್ಟಿ ಬೇಯುವಷ್ಟು ಹೊತ್ತು ನಿಂತದ್ದು. ಡಿಗ್ರಿ ವಾರಗಟ್ಟಲೆ ಅಲುಗದಿದ್ದಾಗಲೂ ಈ ಪಟ್ಟಿ ಬೆಳೆಯುತ್ತಿತ್ತು.

ಮನಸ್ಸಿನ ವಿಚಾರದಲ್ಲಿ ನನಗೆ ಸಿಟ್ಟು ಬರುವುದು ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂಬ ಮಾತಿಗೆ. ಅಕ್ಕನ ಮಂಕು ಎಲ್ಲಿಂದ ಬಂದಿತ್ತೆಂದು ಕೇಳಿದವರಿರಲಿಲ್ಲ. ಮೊಣಕಾಲಿಗಿಂತ ಹೆಚ್ಚಾಗಿ ಅದು ಮಜೂರಿಯಿಂದ ಬಂದಿತ್ತು. ನಲವತ್ತು ವರ್ಷ ತನ್ನ ಕೈಯಿಂದ ಮನೆಗೆ ದುಡ್ಡು ತಂದವರು ಈಗ ನೀರಿನ ಚೊಂಬಿಗೂ ಸೊಸೆಯನ್ನು ಕೂಗಬೇಕಿತ್ತು. ಸೊಸೆಗೆ ಬೇಸರವಿರಲಿಲ್ಲ, ಆದರೆ ಪ್ರತಿ ಸಲ ಕೂಗುವಾಗ ಅಕ್ಕನಿಗೆ ಇತ್ತು. ಕಂಡಿಕೆ ಸುತ್ತುವ ರಾಟೆಯನ್ನು ನೆಲದಿಂದ ಎತ್ತಿ ಗಟ್ಟಿಮುಟ್ಟಾದ ಮೇಜಿನ ಮೇಲೆ ಕೂರಿಸಿದೆವು. ಎತ್ತರದ ಕುರ್ಚಿಯಲ್ಲಿ ಕುಳಿತು ಅಕ್ಕ ಸುತ್ತತೊಡಗಿದರು. ಸುತ್ತುವಾಗ ಪಾದವನ್ನು ನೆಲದ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರಿಸುವ ವ್ಯಾಯಾಮ ತಾನಾಗಿಯೇ ಆಗುತ್ತಿತ್ತು, ಹೇಳಿ ಮಾಡಿಸಿದರೆ ಮುಖ ಸಿಂಡರಿಸುತ್ತಿದ್ದ ಅದೇ ವ್ಯಾಯಾಮ. ವಾರದಲ್ಲಿ ಊಟ ಸರಿಹೋಯಿತು. ಸರಿಹೋಗದೆ ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಮಾತು ಎಲ್ಲ ಬತ್ತಿದ್ದರೆ ವೈದ್ಯರ ಬಳಿ ಅದನ್ನೇ ಒಂದು ಕಾಯಿಲೆಯಾಗಿ ಹೇಳಬೇಕಿತ್ತು. ಇಲ್ಲಿ ಅಷ್ಟು ದೂರ ಹೋಗಲಿಲ್ಲ.

ಎರಡನೆಯದು: ಬಿಗಿತ

ಏಳನೆಯ ವಾರ ಬಂದರೂ ಕಾಲು 78ರ ಮೇಲೆ ಏರಲಿಲ್ಲ. ಈ ಸಲ ಗುಳಿಗೆಯೂ ನಿಂತಿರಲಿಲ್ಲ, ದಿಂಬೂ ಇರಲಿಲ್ಲ. ಅಕ್ಕ ವ್ಯಾಯಾಮ ತಪ್ಪಿಸುತ್ತಿರಲಿಲ್ಲ ಎಂಬುದಕ್ಕೆ ಪುಸ್ತಕವೇ ಸಾಕ್ಷಿ. ಕೆಲವರಲ್ಲಿ ಗಾಯ ಮಾಯುವಾಗ ಕೀಲಿನೊಳಗೆ ನಾರಿನಂಥ ಅಂಗಾಂಶ ಅತಿಯಾಗಿ ಬೆಳೆದು ಬಿಗಿದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಮೊದಲೇ ಮಡಚುವಿಕೆ ಕಡಿಮೆಯಿದ್ದವರಲ್ಲಿ ಇದರ ಸಂಭವ ಹೆಚ್ಚು. ಶ್ರಮದ ಕೊರತೆಯಿಂದಲೇ ಹೀಗಾಗುತ್ತದೆ ಎಂದು ತಿಳಿಯಬಾರದು. ಅದನ್ನು ಮಗನ ಎದುರಿಗೇ ಹೇಳಿದೆ, ಏಕೆಂದರೆ ‘ಇನ್ನೂ ಜೋರಾಗಿ ಮಡಚಿಸಿ’ ಎಂದು ಅವನು ಒತ್ತಾಯಿಸುತ್ತಿದ್ದ. ಬಿಗಿದ ಕೀಲನ್ನು ರೋಗಿ ಕಿರುಚುವವರೆಗೆ ಅದುಮಿದರೆ ಬಾವು ಏರುತ್ತದೆ, ಮರುದಿನ ಇದ್ದುದೂ ಹೋಗುತ್ತದೆ. ಕಣ್ಣೀರು ಬರಿಸುವುದೇ ಒಳ್ಳೆಯ ಫಿಜಿಯೋಥೆರಪಿ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ.

ಶಸ್ತ್ರವೈದ್ಯರು ಅರಿವಳಿಕೆ ಕೊಟ್ಟು ಕಾಲು ಮಡಚುವ ಸಲಹೆ ಕೊಟ್ಟರು. ಕೊಯ್ಯುವುದಿಲ್ಲ. ನೋವು ತಿಳಿಯದ, ಸ್ನಾಯುಗಳು ಸಡಿಲವಾದ ಸ್ಥಿತಿಯಲ್ಲಿ ವೈದ್ಯರು ನಿಧಾನವಾಗಿ ಮಡಚಿ ಆ ನಾರುಗಳನ್ನು ಬಿಡಿಸುತ್ತಾರೆ. ಸಾಮಾನ್ಯವಾಗಿ ಮೊದಲ ಹನ್ನೆರಡು ವಾರಗಳೊಳಗೆ ಮಾಡಿದರೆ ಫಲ ಹೆಚ್ಚು, ಆಮೇಲೆ ನಾರು ಗಟ್ಟಿಯಾಗುತ್ತದೆ. ಅಪರೂಪಕ್ಕೆ ಮೂಳೆ ಮುರಿಯುವ ಅಪಾಯವೂ ಉಂಟು. ಮನೆಯಲ್ಲಿ ಇದು ‘ಮತ್ತೊಂದು ಆಪರೇಷನ್’ ಎಂಬ ಹೆಸರು ಪಡೆಯಿತು. ಮಗ ಬೇಡವೆಂದ. ಸೊಸೆ ಸುಮ್ಮನಿದ್ದಳು. ‘ಮೊದಲನೆಯದು ಸೋತಿತು, ಅಲ್ಲವೇ?’ ಎಂದು ಅಕ್ಕ ನನ್ನನ್ನು ಕೇಳಿದರು.

ಸೋಲು ಗೆಲುವಿನ ಮಾತು ಬಿಟ್ಟು ಎರಡು ಪ್ರಶ್ನೆಗಳನ್ನು ಎದುರಿಗಿಟ್ಟೆವು. 78 ಡಿಗ್ರಿಯಲ್ಲೇ ಉಳಿದರೆ ಯಾವ ಕೆಲಸ ಆಗುವುದಿಲ್ಲ? ಕಾಯುತ್ತ ಕುಳಿತರೆ ಕಳೆದುಕೊಳ್ಳುವುದೇನು? ಮೊದಲನೆಯದಕ್ಕೆ ಅಕ್ಕನೇ ಉತ್ತರಿಸಿದರು: ಬಸ್ಸಿನ ಸೀಟಿನಲ್ಲಿ ಕೂರಲಾಗದು, ಮಗ್ಗದ ಹಲಗೆಗೆ ಕಾಲು ಬಾರದು. ಎರಡನೆಯದಕ್ಕೆ ವಾರಗಳ ಲೆಕ್ಕವೇ ಉತ್ತರ. ಎರಡು ವಾರ ಗಡುವು ಹಾಕಿಕೊಂಡು ಮತ್ತೆ ಪ್ರಯತ್ನಿಸಿದೆವು. ಸಿಕ್ಕಿದ್ದು ನಾಲ್ಕೇ ಡಿಗ್ರಿ. ಒಂಬತ್ತನೆಯ ವಾರ, ಡಿಸೆಂಬರ್‌ನಲ್ಲಿ, ಅರಿವಳಿಕೆಯ ಕೆಳಗೆ ಮಡಚಿದರು.

ಮೇಜಿನ ಮೇಲೆ 112 ಬಂತು. ಮರುದಿನ ಎಚ್ಚರದಲ್ಲಿ 95. ಈ ಇಳಿತ ಸಹಜವೆಂದು ಮೊದಲೇ ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಹೇಳದೆ ಇದ್ದಿದ್ದರೆ ಅದೇ ಒಂದು ಹೊಸ ಹಿನ್ನಡೆಯಾಗಿ ಮನೆಯನ್ನು ಹೊಕ್ಕುತ್ತಿತ್ತು. ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಮೊದಲ ಎರಡು ವಾರ ದಿನವೂ ಕೆಲಸ ಬೇಕು, ಆಗ ಬಿಟ್ಟರೆ ನಾರು ಮತ್ತೆ ಕಟ್ಟುತ್ತದೆ. ಮಗ ಅಷ್ಟು ದಿನ ಬೆಳಗಿನ ಪಾಳಿ ಬಿಟ್ಟು ಸಂಜೆಯ ಪಾಳಿ ಹಿಡಿದ. ಈ ಪ್ರಕರಣದಲ್ಲಿ ನನ್ನ ಕೈಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಪಾಳಿ ಬದಲಾವಣೆ.

ಮೂರನೆಯದು: ಬನದ ಹುಣ್ಣಿಮೆ

ಬಾದಾಮಿಯ ಬನಶಂಕರಿ ಅಕ್ಕನ ಮನೆದೇವರು. ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ, ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕದ ಕಂಪನಿಗಳು ಬೀಡುಬಿಡುತ್ತವೆ, ಮರದ ಬಾಗಿಲು ಚೌಕಟ್ಟುಗಳ ವ್ಯಾಪಾರವೂ ಅಲ್ಲಿ ಜೋರು. ನಮ್ಮ ಕಡೆಯ ನೇಕಾರರು ಆ ಜಾತ್ರೆ ತಪ್ಪಿಸುವುದೆಂದರೆ ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದೇ ಅರ್ಥ. ಹೋಗಬೇಡಿ ಎನ್ನಲು ಕಾರಣವಿರಲಿಲ್ಲ. ವಾಹನದಲ್ಲಿ ಹೋಗಿ, ಕೋಲು ಹಿಡಿದು ದರ್ಶನ ಮುಗಿಸಿ, ಕುರ್ಚಿಯಲ್ಲಿ ಕುಳಿತು ಬುತ್ತಿ ಉಂಡು ಮರಳುವುದು ಎಂದು ಮಾತಾಗಿತ್ತು.

ಜಾತ್ರೆಯಲ್ಲಿ ಮಾತಿನಂತೆ ಏನೂ ನಡೆಯುವುದಿಲ್ಲ. ವಾಹನವನ್ನು ದೂರದಲ್ಲೇ ನಿಲ್ಲಿಸಬೇಕಾಯಿತು. ದೂಳು ಮಣ್ಣಿನಲ್ಲಿ ನಡೆದರು, ಸಾಲಿನಲ್ಲಿ ನಿಂತರು, ಹೊಂಡದ ಕಡೆ ಹೋಗಿಬಂದರು, ಬಂಧುಗಳ ನಡುವೆ ನೆಲದ ಮೇಲೆಯೇ ಕುಳಿತು ರೊಟ್ಟಿ ಬಿಚ್ಚಿದರು. ಎಬ್ಬಿಸಲು ಇಬ್ಬರು ರಟ್ಟೆ ಹಿಡಿದು ಎಳೆಯಬೇಕಾಯಿತಂತೆ.

ಮರುದಿನ ಬೆಳಿಗ್ಗೆ ದಾರ ಗಂಟಿಗೆ ಮುಟ್ಟಲಿಲ್ಲ, ಎರಡು ಬೆರಳಷ್ಟು ಕಡಿಮೆ ಬಿತ್ತು. ಮೊಣಕಾಲು ಬಿಸಿಯಾಗಿತ್ತು. ಮೈಯೂ ಸ್ವಲ್ಪ ಬೆಚ್ಚಗಿತ್ತು, ನೆಗಡಿ ಬೇರೆ. ಮಗ ಹತ್ತಿರದ ದವಾಖಾನೆಗೆ ಕರೆದೊಯ್ದ. ಅಲ್ಲಿಯ ವೈದ್ಯರು ಸೋಂಕಿನ ಅನುಮಾನದಿಂದ ಆ್ಯಂಟಿಬಯಾಟಿಕ್ ಬರೆಯುವವರಿದ್ದರು. ಸೊಸೆ ನನಗೆ ಫೋನ್ ಮಾಡಿದಳು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಕೃತಕ ಕೀಲಿಗೆ ಸೋಂಕು ತಗಲುವುದು ನೂರರಲ್ಲಿ ಒಬ್ಬಿಬ್ಬರಿಗೆ. ಆದರೆ ತಗಲಿದರೆ ಸಣ್ಣ ವಿಷಯವಲ್ಲ, ಮತ್ತೆ ತೆರೆದು ತೊಳೆಯಬೇಕು, ತಡವಾದರೆ ಲೋಹವನ್ನೇ ತೆಗೆಯಬೇಕಾಗಬಹುದು. ಹಾಗೆಂದು ಮೊದಲೇ ಆ್ಯಂಟಿಬಯಾಟಿಕ್ ನುಂಗಿದರೆ ಕೀಲಿನ ದ್ರವದಲ್ಲಿ ರೋಗಾಣು ಬೆಳೆಯದೆ ಪರೀಕ್ಷೆ ದಾರಿ ತಪ್ಪಿಸಬಹುದು. ರೋಗಿಯ ಸ್ಥಿತಿ ತೀರಾ ಗಂಭೀರವಾಗಿಲ್ಲದಿದ್ದರೆ ಮೊದಲು ಶಸ್ತ್ರವೈದ್ಯರು ನೋಡಬೇಕು, ಬೇಕಿದ್ದರೆ ಸೂಜಿಯಿಂದ ದ್ರವ ತೆಗೆಯಬೇಕು, ಗುಳಿಗೆ ಆಮೇಲೆ. ದವಾಖಾನೆಯ ವೈದ್ಯರಿಗೆ ಇದನ್ನು ತಿಳಿಸಿದಾಗ ಅವರು ಕೂಡಲೇ ಒಪ್ಪಿ ಪತ್ರ ಬರೆದು ಕಳಿಸಿದರು. ಅದೇ ದಿನ ಮಧ್ಯಾಹ್ನ ಅಕ್ಕ ಬಾಗಲಕೋಟೆಯಲ್ಲಿದ್ದರು.

ಗಾಯದ ಸುತ್ತ ಕೆಂಪು ಹರಡಿರಲಿಲ್ಲ, ಕೀವಿರಲಿಲ್ಲ. ಮೀನಖಂಡ ಅದುಮಿದರೆ ನೋವಿರಲಿಲ್ಲ, ಊದಿರಲಿಲ್ಲ. ಇದ್ದಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಅನುಮಾನಕ್ಕೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕಾಗುತ್ತಿತ್ತು. ಜೊತೆಗೆ ಉಸಿರು ಕಟ್ಟಿದ್ದರೆ ಅದು ನಿಮಿಷ ಕಾಯುವ ವಿಷಯವಲ್ಲ. ಕೀಲಿನಿಂದ ತೆಗೆದ ದ್ರವ ತೆಳುವಾಗಿ ತುಸು ಕೆಂಪಗಿತ್ತು. ಅದರಲ್ಲಿ ಬಿಳಿರಕ್ತಕಣಗಳ ಸಂಖ್ಯೆ ಕಡಿಮೆಯೇ ಇತ್ತು. ರೋಗಾಣು ಬೆಳೆಯುತ್ತದೆಯೇ ಎಂಬ ವರದಿಗೆ ದಿನಗಟ್ಟಲೆ ಕಾಯಬೇಕು.

ಆ ಕಾಯುವಿಕೆ ಮೂರು ಹಿನ್ನಡೆಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಬಿಗಿತದ ಸಮಯದಲ್ಲಿ ಮಾಡಲು ಕೆಲಸವಿತ್ತು, ಇಲ್ಲಿ ಸುಮ್ಮನಿರಬೇಕಿತ್ತು. ದೇವಿ ಮುನಿದಿದ್ದಾಳೆ ಎಂದು ಒಬ್ಬರು, ಹಟ ಮಾಡಿ ಹೋದದ್ದಕ್ಕೆ ಹೀಗಾಯಿತು ಎಂದು ಮತ್ತೊಬ್ಬರು. ಮಗ ಕೋಲು ಎತ್ತಿಟ್ಟು ಅಕ್ಕ ಮಂಚ ಬಿಟ್ಟು ಇಳಿಯದಂತೆ ನೋಡಿಕೊಂಡ. ಅಕ್ಕನ ಲೆಕ್ಕ ಇದಕ್ಕೆ ಉಲ್ಟಾ: ಎರಡರಷ್ಟು ವ್ಯಾಯಾಮ ಮಾಡಿ ಕಳೆದದ್ದನ್ನು ವಾಪಸು ತರಬೇಕು. ಒಂದೇ ಮನೆಯಲ್ಲಿ ಎರಡು ತಪ್ಪು ಉತ್ತರಗಳು.

ಪೂರ್ತಿ ನಿಲ್ಲಿಸಿದರೆ ಡಿಸೆಂಬರ್‌ನಲ್ಲಿ ಗಳಿಸಿದ್ದು ಕೈಬಿಡುತ್ತದೆ, ಹೆಚ್ಚಿಸಿದರೆ ಬಾವು ಇಳಿಯುವುದಿಲ್ಲ. ಒಂದು ಸರಳ ಕಟ್ಟಳೆ ಮಾಡಿಕೊಟ್ಟೆ. ಇಂದು ಮಾಡಿದ ಕೆಲಸದ ಬಾವು ನಾಳೆ ಬೆಳಗಿನ ದಾರಕ್ಕೆ ಇಳಿದಿದ್ದರೆ ಅಷ್ಟೇ ಕೆಲಸ ನಾಳೆಯೂ. ಇಳಿಯದಿದ್ದರೆ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ, ಸೊನ್ನೆ ಮಾಡಬೇಡಿ. ಎರಡು ಮೂರು ದಿನ ಸತತವಾಗಿ ಇಳಿದರೆ ಮಾತ್ರ ಸ್ವಲ್ಪ ಹೆಚ್ಚಿಸಿ. ಜ್ವರ, ಗಾಯದಲ್ಲಿ ಒಸರು, ಹರಡುವ ಕೆಂಪು, ಕಾಲೂರಲಾಗದ ನೋವು ಇವುಗಳಲ್ಲಿ ಒಂದು ಕಂಡರೂ ಈ ಕಟ್ಟಳೆ ರದ್ದು, ನೇರ ಆಸ್ಪತ್ರೆ. ಸೊಸೆ ಇದನ್ನು ಪುಸ್ತಕದ ಹೊದಿಕೆಯ ಒಳಬದಿಗೆ ಬರೆದುಕೊಂಡಳು.

ವರದಿಯಲ್ಲಿ ಯಾವ ರೋಗಾಣುವೂ ಬೆಳೆದಿರಲಿಲ್ಲ. ಅತಿ ಶ್ರಮದ ಬಾವು, ಜೊತೆಗೆ ನೆಗಡಿಯ ಜ್ವರ, ಅಷ್ಟೇ. ದಾರ ಹಳೆಯ ಗಂಟಿಗೆ ಮರಳಲು ಸುಮಾರು ಮೂರು ವಾರ ಹಿಡಿಯಿತು. ಕೋನ 95ರಿಂದ 88ಕ್ಕೆ ಇಳಿದು ಮತ್ತೆ 98ಕ್ಕೆ ಏರಿತು.

ಜಾತ್ರೆಗೆ ಹೋದದ್ದು ತಪ್ಪೇ ಎಂದು ಕೇಳಿದವರಿದ್ದಾರೆ. ತಪ್ಪೆಂದು ನನಗನ್ನಿಸುವುದಿಲ್ಲ. ಹೋಗದಿದ್ದರೆ ಆಗುತ್ತಿದ್ದ ಮಂಕು ಬಾವಿಗಿಂತ ಹೆಚ್ಚು ದಿನ ಉಳಿಯುತ್ತಿತ್ತು. ಒಂದು ಮಡಚುವ ಕುರ್ಚಿ ಜೊತೆಗೊಯ್ದಿದ್ದರೆ ಸಾಕಿತ್ತು.

ಮಗ್ಗ

ಮಾರ್ಚ್‌ನಲ್ಲಿ ಮಗ್ಗದ ಪ್ರಶ್ನೆ ಎತ್ತಿದೆವು. ಶಸ್ತ್ರವೈದ್ಯರ ಷರತ್ತು ಒಂದೇ: ನೆಲದಿಂದ ಏಳುವಾಗ ಹೊಸ ಮೊಣಕಾಲಿನ ಮೇಲೆ ಪೂರ್ತಿ ಭಾರ ತಿರುಚಿ ಬೀಳಬಾರದು. ಮಗ ಕುಣಿಯ ಪಕ್ಕದ ಗೋಡೆಗೆ ಕಬ್ಬಿಣದ ಸರಳು ಹಾಕಿಸಿದ. ಕುಣಿಯ ಒಂದು ಬದಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ. ಈಗ ಅಕ್ಕ ನೆಲಕ್ಕೆ ಕುಕ್ಕರಿಸುವುದಿಲ್ಲ. ಸರಳು ಹಿಡಿದು ಮೆಟ್ಟಿಲಿನಿಂದ ಕುಣಿಗೆ ಇಳಿದು ನಿಲ್ಲುತ್ತಾರೆ, ಹಿಂದಿರುವ ಅಂಚಿನ ಮೇಲೆ ದಪ್ಪ ಹಲಗೆ ಹಾಕಿದ್ದಾರೆ, ಅದರ ಮೇಲೆ ಕುರ್ಚಿಗೆ ಕೂತಂತೆ ಕೂರುತ್ತಾರೆ. ಇಳಿಯುವಾಗ ಮೊದಲು ಆಪರೇಷನ್ ಆದ ಕಾಲು, ಹತ್ತುವಾಗ ಮೊದಲು ಇನ್ನೊಂದು.

ನೇಕಾರರ ಕಥೆಯಾದ್ದರಿಂದ ಹರಿದ ಎಳೆ ಜೋಡಿಸಿದ ಮಾತೊಂದನ್ನು ಇಲ್ಲಿ ಓದುಗರು ನಿರೀಕ್ಷಿಸಬಹುದು. ಅಕ್ಕ ಅಂಥದ್ದೇನೂ ಹೇಳಲಿಲ್ಲ. ಮೊದಲ ದಿನ ಅರ್ಧ ಗಂಟೆ ಕುಳಿತು, ‘ಹಲಗೆ ಬಿಗಿಯಾಗಿದೆ, ಇಷ್ಟು ದಿನ ಯಾರೂ ಎಣ್ಣೆ ಹಾಕಿಲ್ಲ’ ಎಂದು ಸೊಸೆಯನ್ನು ಗದರಿದರು.

ಅರ್ಧ ಗಂಟೆ ನೇಯ್ದು ಎದ್ದು ಓಣಿಯಲ್ಲಿ ಒಂದು ಸುತ್ತು ಹಾಕಿ ಮತ್ತೆ ಅರ್ಧ ಗಂಟೆ. ಬೇಸಿಗೆಯ ಹೊತ್ತಿಗೆ ದಿನಕ್ಕೆ ಮೊದಲಿನ ಅರ್ಧದಷ್ಟು ಖಣ ಇಳಿಯತೊಡಗಿತು, ಇಂದಿಗೂ ಅಷ್ಟೇ ಇದೆ. ಎಡಗಾಲು ಸೋಲುವುದರಿಂದ ಅದಕ್ಕಿಂತ ಹೆಚ್ಚು ಆಗುವುದಿಲ್ಲ.

ವರ್ಷದ ಕೊನೆಗೆ

ಬಲ ಮೊಣಕಾಲು ಈಗ 106ರವರೆಗೆ ಮಡಚುತ್ತದೆ, ನೇರವಾಗಲು 3 ಡಿಗ್ರಿ ಕಡಿಮೆ. ಗಾಯದ ಹೊರಬದಿಯಲ್ಲಿ ಅಂಗೈಯಗಲ ಚರ್ಮಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಕೊಯ್ಯುವಾಗ ಅಲ್ಲಿಯ ಸಣ್ಣ ನರ ತುಂಡಾಗುವುದು ಸಾಮಾನ್ಯ, ಪೂರ್ತಿ ಮರಳದಿರಲೂಬಹುದು. ನಡೆಯುವಾಗ ಒಮ್ಮೊಮ್ಮೆ ಟಕ್ ಎನ್ನುತ್ತದೆ. ಲೋಹ ಮತ್ತು ಪ್ಲಾಸ್ಟಿಕ್ ತಾಗುವ ಸದ್ದು ಅದು, ನೋವಿಲ್ಲದಿದ್ದರೆ ಚಿಂತೆಯಿಲ್ಲ. ನೆಲದ ಮೇಲೆ ಊಟಕ್ಕೆ ಕೂರುವುದು ನಿಂತಿದೆ, ಅದರ ಬಗ್ಗೆ ಬೇಸರವೂ ಇದೆ, ಮದುವೆಮನೆಗಳಲ್ಲಿ ಹೆಚ್ಚು.

ಎಡಗಾಲಿನ ಶಸ್ತ್ರಚಿಕಿತ್ಸೆಯ ಮಾತು ಶುರುವಾಗಿದೆ. ಬನದ ಹುಣ್ಣಿಮೆ ಮುಗಿದ ಮೇಲೆ ಎಂದು ಅಕ್ಕ ಹೇಳಿದ್ದಾರೆ. ಆ ಕಾಲನ್ನು ಈಗಿನಿಂದಲೇ ನೇರ ಮಾಡುವ, ತೊಡೆ ಬಲಪಡಿಸುವ ವ್ಯಾಯಾಮ ನಡೆದಿದೆ. ದಾರದ ಇನ್ನೊಂದು ತುಂಡಿಗೆ ಗಂಟು ಬಿದ್ದಿದೆ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ (HbA1c) ಶೇ 8.3 ಬಂದದ್ದರಿಂದ ಅದು ಇಳಿಯುವವರೆಗೆ ದಿನಾಂಕ ಕೊಡುವುದಿಲ್ಲ ಎಂದು ಶಸ್ತ್ರವೈದ್ಯರು ಹೇಳಿ ಕಳಿಸಿದ್ದಾರೆ.